ಮಾತ್ರೆ ಜೊತೆ ಕಷಾಯ: ಎರಡೂ ಕಡೆ ಔಷಧಿ ಮಾಡೋರಿಗೆ ಒಂದು ಮಾರ್ಗದರ್ಶಿ

ನಮ್ಮ ಉತ್ತರ ಕನ್ನಡ ಜಿಲ್ಲೇಲಿ, ಕರಾವಳಿಯ ಕಾರವಾರ ಅಂಕೋಲಾ ಕುಮಟಾ ಇರ್ಲಿ, ಘಟ್ಟದ ಮೇಲಿನ ಶಿರಸಿ ಸಿದ್ದಾಪುರ ಇರ್ಲಿ, ಒಂದೇ ಪದ್ಧತಿ ಔಷಧಿ ನಂಬಿಕೊಂಡಿರೋ ಮನೆ ಸಿಗೋದು ಕಷ್ಟ. ಶುಗರ್‌ಗೆ ಮಾತ್ರೆ ಇರ್ತದೆ, ಜೊತೆಗೆ ಏಕನಾಯಕನ ಬೇರಿನ ಕಷಾಯನೂ ಇರ್ತದೆ. ಮಂಡಿ ನೋವಿಗೆ ಎಣ್ಣೆ, ಕಾಮಾಲೆ ಆದ್ರೆ ನಾಟಿ ವೈದ್ಯರು, ಸರ್ಪಸುತ್ತಿಗೆ ಇನ್ನೊಬ್ಬರು, ಎದೆ ನೋವಂದ್ರೆ ಮಾತ್ರ ಸೀದಾ ಮಣಿಪಾಲ. ಇದರಲ್ಲಿ ತಪ್ಪೇನಿಲ್ಲ. ಕುಮಟಾದಲ್ಲಿ ಮೆಡಿಕಲ್ ಶಾಪ್ ಕೌಂಟರ್ ಹಿಂದೆ ನಿಂತು ನಾನು ದಿನಾ ನೋಡೋ ತೊಂದ್ರೆ ಬೇರೆ: ಮಾತ್ರೆ ಬರೆದ ಡಾಕ್ಟರಿಗೆ ಕಷಾಯದ ವಿಷಯ ಗೊತ್ತಿಲ್ಲ, ಕಷಾಯ ಕೊಟ್ಟವರಿಗೆ ಮಾತ್ರೆ ವಿಷಯ ಗೊತ್ತಿಲ್ಲ, ಗೊತ್ತಿರೋ ಒಬ್ಬರೇ ಒಬ್ಬರು ಅಂದ್ರೆ ಪೇಶಂಟ್, ಅವರು ಎರಡೂ ಕಡೆ ಬಾಯಿ ಬಿಡೋದಿಲ್ಲ. ಕೇಳಿದ್ರೆ "ತಮಾ, ಅದು ಸೊಪ್ಪಿನ ಮದ್ದು, ಅದ್ರಿಂದ ಏನೂ ಆಗೂದಿಲ್ಲ, ಡಾಕ್ಟ್ರ ಹತ್ರ ಹೇಳಿದ್ರೆ ಬೈತ್ರು" ಅಂತಾರೆ. ಡಾಕ್ಟರು ಬೈದ್ರೂ ಹೇಳ್ಲೇಬೇಕು. ಹೇಗೆ ಹೇಳೋದು, ಯಾವ್ದನ್ನ ಯಾವಾಗ ತಗೊಳ್ಳೋದು ಅಂತ ಹಂತ ಹಂತವಾಗಿ ಬರೀತಾ ಇದ್ದೇನೆ.

ಹಂತ 1: ಯಾವಾಗ ಬೇರೆ ಯೋಚನೆ ಮಾಡದೆ ಆಸ್ಪತ್ರೆಗೆ ಹೋಗ್ಬೇಕು

ಕೆಲವು ಕಾಯಿಲೆಗಳಲ್ಲಿ ಎರಡು ಪದ್ಧತಿ ಸೇರಿಸೋ ಪ್ರಶ್ನೆನೇ ಮೊದಲ ದಿನ ಬರೋದಿಲ್ಲ. ಲಕ್ವ ಅದ್ರಲ್ಲಿ ಮೊದಲನೇದು. ಬಾಯಿ ಒಂದು ಬದಿಗೆ ವಾಲೋದು, ಒಂದು ಕೈ ಎತ್ತೋಕೆ ಆಗದೆ ಇರೋದು, ಮಾತು ತೊದಲೋದು, ಇಷ್ಟರಲ್ಲಿ ಯಾವ್ದು ಕಂಡ್ರೂ ಅದು ಎಷ್ಟು ಗಂಟೆಗೆ ಶುರುವಾಯ್ತು ಅಂತ ಬರೆದಿಟ್ಟುಕೊಂಡು ಗಾಡಿ ಹತ್ತಿ. ರಕ್ತದ ಗಡ್ಡೆ ಕರಗಿಸೋ ಇಂಜೆಕ್ಷನ್ ಕೊಡೋಕೆ ಇರೋ ಅವಧಿ ಶುರುವಾದ ಹೊತ್ತಿಂದ 4.5 ಗಂಟೆ, ಅದಕ್ಕೂ ಮುಂಚೆ ಸಿಟಿ ಸ್ಕ್ಯಾನ್ ಆಗ್ಬೇಕು, ಯಾಕಂದ್ರೆ ಮಿದುಳಲ್ಲಿ ಗಡ್ಡೆ ಕಟ್ಟಿದ್ಯೋ ರಕ್ತ ಸೋರಿದ್ಯೋ ಅಂತ ಹೊರಗಿಂದ ನೋಡಿ ಯಾರಿಗೂ ಹೇಳೋಕಾಗಲ್ಲ, ಸೋರಿರೋರಿಗೆ ಆ ಇಂಜೆಕ್ಷನ್ ಕೊಟ್ರೆ ಪ್ರಾಣಕ್ಕೇ ಅಪಾಯ. ನಮ್ಮಲ್ಲಿ ಘಟ್ಟ ಇಳಿಯೋದ್ರಲ್ಲೇ ಒಂದೂವರೆ ಗಂಟೆ ಹೋಗ್ತದೆ. ಹಾಗಾಗಿ ಹೊರಡೋ ಮುಂಚೆ ಫೋನ್ ಮಾಡಿ ಸಿಟಿ ಸ್ಕ್ಯಾನ್ ನಡೀತಾ ಇದ್ಯಾ, ಲಕ್ವದ ಇಂಜೆಕ್ಷನ್ ಇದ್ಯಾ ಅಂತ ಕೇಳಿ, ಇಲ್ಲಾಂದ್ರೆ ಇರೋ ಕಡೆಗೇ ಸೀದಾ ಹೋಗಿ. ಅಂಕೋಲಾ ಕಡೆ ಲಕ್ವಕ್ಕೆ ನಾಟಿ ಔಷಧಿ ಕೊಡೋ ಮನೆತನಗಳಿವೆ, ದೂರ ದೂರದಿಂದ ಜನ ಬರ್ತಾರೆ, ಅವರ ಮೇಲೆ ನನಗೆ ಗೌರವ ಇದೆ. ಆದ್ರೆ ಅಲ್ಲಿಗೆ ಹೋಗೋದು ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗಿ, ಬಿಪಿ ಹತೋಟಿಗೆ ಬಂದು, ಫಿಸಿಯೋಥೆರಪಿ ಶುರು ಆದ ಮೇಲೆ, ಅದೂ ಆಸ್ಪತ್ರೆ ಡಾಕ್ಟರಿಗೆ ತಿಳಿಸಿ.

ಹಾವು ಕಚ್ಚಿದ್ರೂ ಹಾಗೇ. ಕಟ್ಟು ಕಟ್ಟಬೇಡಿ, ಬ್ಲೇಡ್ ಹಾಕ್ಬೇಡಿ, ಬಾಯಿಂದ ಎಳೀಬೇಡಿ, ಕಚ್ಚಿದ ಕೈಕಾಲು ಅಲ್ಲಾಡದ ಹಾಗೆ ಕೋಲು ಇಟ್ಟು ಸಡಿಲವಾಗಿ ಬಟ್ಟೆ ಸುತ್ತಿ 108ಕ್ಕೆ ಫೋನ್ ಮಾಡಿ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷಕ್ಕೆ ಕೆಲಸ ಮಾಡೋದು ಆಸ್ಪತ್ರೇಲಿ ಕೊಡೋ ಪ್ರತಿವಿಷ ಒಂದೇ. ಕಟ್ಟುಹಾವು ಕಚ್ಚಿದ ಜಾಗದಲ್ಲಿ ಹೆಚ್ಚಾಗಿ ನೋವೂ ಇರೋದಿಲ್ಲ, ಬಾವೂ ಇರೋದಿಲ್ಲ, ಅದನ್ನ ನೋಡಿ "ವಿಷ ಏರಿಲ್ಲ" ಅಂದ್ಕೊಂಡು ಬೇರು ತೇಯ್ದು ಕೊಡ್ತಾ ಕೂತ್ರೆ ಬೆಳಗ್ಗೆ ಹೊತ್ತಿಗೆ ಉಸಿರಾಟವೇ ನಿಲ್ಲಬಹುದು.

ಮೂರನೇದು ಜ್ವರ. ಸಿದ್ದಾಪುರ, ಹೊನ್ನಾವರದ ಕಾಡಂಚಿನ ಊರಿನವರು ಚಳಿಗಾಲದಿಂದ ಮಳೆ ಬರೋವರೆಗೆ ಬರೋ ಜ್ವರಾನ ಕಷಾಯ ಕುಡಿದು ನಾಲ್ಕು ದಿನ ನೋಡೋಣ ಅಂತ ಬಿಡೋ ಹಾಗಿಲ್ಲ. ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದು 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರು ಕಾಡಲ್ಲಿ, ಉಣುಗು ಕಚ್ಚಿ ಹರಡ್ತದೆ, ಅದಕ್ಕೆ ಅಂತಲೇ ಔಷಧಿ ಇವತ್ತಿಗೂ ಇಲ್ಲ, ಬೇಗ ಅಡ್ಮಿಟ್ ಆಗಿ ಪ್ಲೇಟ್‌ಲೆಟ್, ಬಿಪಿ, ನೀರಿನಂಶ ನೋಡ್ಕೊಳ್ಳೋದೇ ಚಿಕಿತ್ಸೆ. ಡೆಂಗಿಗೂ ಹೆಚ್ಚುಕಮ್ಮಿ ಇದೇ ಮಾತು. ಪಪ್ಪಾಯಿ ಎಲೆ ರಸದಿಂದ ಪ್ಲೇಟ್‌ಲೆಟ್ ಸ್ವಲ್ಪ ಏರೋದು ಕೆಲವು ಅಧ್ಯಯನಗಳಲ್ಲಿ ಕಂಡಿದೆ, ಆದ್ರೆ ಡೆಂಗಿಯಲ್ಲಿ ಜೀವ ತೆಗೆಯೋದು ಹೆಚ್ಚಾಗಿ ರಕ್ತನಾಳದಿಂದ ನೀರು ಸೋರಿ ಬಿಪಿ ಬೀಳೋದು, ಎಲೆ ರಸ ಅದನ್ನ ತಡೆಯಲ್ಲ. ಈ ಜ್ವರಗಳಲ್ಲಿ ಮೈಕೈ ನೋವಿಗೆ ಅಂತ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ತಗೋಬೇಡಿ, ಪ್ಯಾರಾಸಿಟಮಾಲ್ ಮಾತ್ರ.

ಹಂತ 2: ಕಾಯಿಲೆ ಯಾವ್ದು ಅಂತ ಮೊದಲು ಗೊತ್ತಾಗ್ಲಿ

ಔಷಧಿ ಯಾರ ಹತ್ರ ಬೇಕಾದ್ರೂ ಮಾಡಿ, ಪರೀಕ್ಷೆ ಮಾತ್ರ ಮೊದಲು ಮಾಡಿಸಿ. ಕಾಮಾಲೆ ಇದಕ್ಕೆ ಒಳ್ಳೆ ಉದಾಹರಣೆ. ಕಣ್ಣು ಹಳದಿ ಆಗೋದು ಒಂದು ಲಕ್ಷಣ ಅಷ್ಟೇ, ಅದರ ಹಿಂದೆ ನೀರಿಂದ ಬರೋ ಹೆಪಟೈಟಿಸ್ ಎ ಇರಬಹುದು, ರಕ್ತದಿಂದ ಬರೋ ಬಿ ಇರಬಹುದು, ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡಿರಬಹುದು, ಗದ್ದೆ ಕೆಲಸ ಮಾಡೋರಿಗೆ ಇಲಿ ಜ್ವರ ಇರಬಹುದು, ಕ್ಯಾನ್ಸರ್ ಕೂಡ ಇರಬಹುದು. ಹೆಪಟೈಟಿಸ್ ಎ ಬಹುಪಾಲು ಜನರಿಗೆ ಪಥ್ಯ, ವಿಶ್ರಾಂತಿಯಲ್ಲಿ ತಾನಾಗೇ ವಾಸಿಯಾಗ್ತದೆ, ಆಗ ಯಾವ ಔಷಧಿ ಕೊಟ್ಟಿದ್ರೂ ಹೆಸರು ಆ ಔಷಧಿಗೇ ಬರ್ತದೆ. ಕಲ್ಲು ಸಿಕ್ಕಿಕೊಂಡಿದ್ರೆ ಯಾವ ಸೊಪ್ಪಿಂದನೂ ಇಳಿಯಲ್ಲ.

ನೆಲನೆಲ್ಲಿ ವಿಷಯ ಇಲ್ಲೇ ಹೇಳಿಬಿಡ್ತೇನೆ. 1988ರಲ್ಲಿ ಮದ್ರಾಸಿನ ವೈದ್ಯರು ಹೆಪಟೈಟಿಸ್ ಬಿ ವೈರಸ್ ಮೈಯಲ್ಲಿ ಉಳಿದುಕೊಂಡಿದ್ದವರಿಗೆ ನೆಲನೆಲ್ಲಿ ಕೊಟ್ಟು ಲ್ಯಾನ್ಸೆಟ್ ಪತ್ರಿಕೇಲಿ ಬರೆದ್ರು, ಔಷಧಿ ತಗೊಂಡ 37 ಜನರಲ್ಲಿ 22 ಜನರಿಗೆ ವೈರಸ್ಸಿನ ಗುರುತು ರಕ್ತದಲ್ಲಿ ಇಲ್ಲದ ಹಾಗಾಗಿತ್ತು. ಇಡೀ ಜಗತ್ತು ತಿರುಗಿ ನೋಡ್ತು. ಆಮೇಲೆ ಬೇರೆ ಬೇರೆ ಕಡೆ ಮಾಡಿ ನೋಡಿದಾಗ ಆ ಫಲಿತಾಂಶ ಮತ್ತೆ ಸಿಗ್ಲಿಲ್ಲ. ನಮ್ಮ ಗಿಡಕ್ಕೆ ಗುಣ ಇಲ್ಲ ಅಂತ ನಾನು ಹೇಳ್ತಾ ಇಲ್ಲ, ಹೆಪಟೈಟಿಸ್ ಬಿ ಇರೋರು ಅದೊಂದನ್ನೇ ನಂಬಿ ಕೂರಬೇಡಿ ಅಂತ ಹೇಳ್ತಾ ಇದ್ದೇನೆ. ಹಾಗಾಗಿ ಕಾಮಾಲೆ ಆದ್ರೆ ಲಿವರ್ ಹೇಗಿದೆ ಅಂತ ನೋಡೋ ರಕ್ತ ಪರೀಕ್ಷೆ ಎಲ್ಎಫ್‌ಟಿ, ಹೆಪಟೈಟಿಸ್ ಬಿ ಟೆಸ್ಟ್, ಬೇಕಾದ್ರೆ ಹೊಟ್ಟೆ ಸ್ಕ್ಯಾನ್, ಇಷ್ಟು ಆಗ್ಲಿ. ಬಸುರಿಗೆ ಕಾಮಾಲೆ ಬಂದ್ರೆ, ಅಥವಾ ಯಾರಿಗೇ ಆಗ್ಲಿ ಮಾತು ಗೊಂದಲ ಆಗೋದು, ಹಗಲೆಲ್ಲ ನಿದ್ದೆ, ಒಸಡಲ್ಲಿ ರಕ್ತ ಕಂಡ್ರೆ ಅದೇ ದಿನ ಆಸ್ಪತ್ರೆ.

ಮೂಳೆಗೆ ಪೆಟ್ಟಾದ್ರೆ ಎಕ್ಸ್‌ರೇ ಮೊದಲು, ಕಟ್ಟು ಆಮೇಲೆ. ನಾಟಿ ಕಟ್ಟು ಹಾಕಿಸಿದ ಮೇಲೆ ಬೆರಳು ತಣ್ಣಗಾಗೋದು, ನೀಲಿ ಆಗೋದು, ಜೋಮು ಹಿಡಿಯೋದು ಕಂಡ್ರೆ ರಾತ್ರಿ ಹನ್ನೆರಡಾಗಿದ್ರೂ ಕಟ್ಟು ಬಿಚ್ಚಿ ಆಸ್ಪತ್ರೆಗೆ ಓಡಿ. ಇನ್ನು ಸರ್ಪಸುತ್ತು: ವೈರಸ್ ತಡೆಯೋ ಮಾತ್ರೆ ಗುಳ್ಳೆ ಎದ್ದು 72 ಗಂಟೆ ಒಳಗೆ ಶುರು ಮಾಡಿದ್ರೆ ಚೆನ್ನಾಗಿ ಕೆಲಸ ಮಾಡ್ತದೆ, ಅದನ್ನ ಶುರು ಮಾಡಿ, ಲೇಪ ಮಂತ್ರ ನಿಮ್ಮ ನಂಬಿಕೆ ಪ್ರಕಾರ ಜೊತೆಗಿರ್ಲಿ, ಹಣೆ ಮೂಗಿನ ಹತ್ರ ಬಂದಿದ್ರೆ ಮಾತ್ರ ಲೇಪ ಹಚ್ಚದೆ ಕಣ್ಣಿನ ಡಾಕ್ಟರ ಹತ್ರ ಹೋಗಿ.

ಹಂತ 3: ಒಂದೇ ನೋಟ್‌ಬುಕ್, ಎರಡೂ ಕಡೆ ತೋರಿಸೋದು

ಇಡೀ ಲೇಖನದಲ್ಲಿ ಒಂದೇ ಒಂದು ಮಾಡ್ತೀರಿ ಅಂದ್ರೆ ಇದನ್ನ ಮಾಡಿ. ಮಕ್ಕಳ ಹಳೇ ನೂರು ಪುಟದ ನೋಟ್‌ಬುಕ್ ಸಾಕು. ಮೊದಲ ಪುಟದಲ್ಲಿ ಹೆಸರು, ವಯಸ್ಸು, ಯಾವ ಕಾಯಿಲೆ ಎಷ್ಟು ವರ್ಷದಿಂದ, ಯಾವ ಔಷಧಿ ಆಗಿಬರೋದಿಲ್ಲ, ಆಪರೇಷನ್ ಆಗಿದ್ರೆ ಅದು. ಎರಡನೇ ಪುಟದಲ್ಲಿ ಸಾಲು ಸಾಲಾಗಿ ಔಷಧಿ. ಇಂಗ್ಲಿಷ್ ಔಷಧಿಗೊಂದು ಪುಟ, ಆಯುರ್ವೇದಕ್ಕೊಂದು ಪುಟ ಅಂತ ಬೇರೆ ಮಾಡ್ಬೇಡಿ, ಒಂದೇ ಪಟ್ಟೀಲಿ ಹೊತ್ತಿನ ಪ್ರಕಾರ ಬರೀರಿ. ಉದಾಹರಣೆಗೆ:

ಬೆಳಗ್ಗೆ 6: ಥೈರಾಯ್ಡ್ ಮಾತ್ರೆ 50, ಖಾಲಿ ಹೊಟ್ಟೆ.
ಬೆಳಗ್ಗೆ 8, ತಿಂಡಿ ಆದ್ಮೇಲೆ: ಮೆಟ್‌ಫಾರ್ಮಿನ್ 500, ಬಿಪಿ ಮಾತ್ರೆ ಆಮ್ಲೋಡಿಪಿನ್ 5.
ಬೆಳಗ್ಗೆ 11: ಏಕನಾಯಕನ ಕಷಾಯ ಅರ್ಧ ಲೋಟ, ಶಿರಸಿಯಿಂದ ತಂದಿದ್ದು, ಶುರು ಮಾಡಿದ್ದು ಇಂಥ ತಾರೀಕು.
ರಾತ್ರಿ: ಅಶ್ವಗಂಧ ಚೂರ್ಣ ಒಂದು ಚಮಚ ಹಾಲಲ್ಲಿ, ತಂಗಿ ಮಗ ತಂದುಕೊಟ್ಟಿದ್ದು.

"ತಂಗಿ ಮಗ ತಂದುಕೊಟ್ಟಿದ್ದು" ಅನ್ನೋದನ್ನೂ ಬರೀಬೇಕು, ಯಾಕಂದ್ರೆ ಯಾರೂ ಬರೆದುಕೊಡದ ಔಷಧಿಗಳೇ ಹೆಚ್ಚು ತೊಂದ್ರೆ ಕೊಡೋದು. ಹಚ್ಚೋ ಎಣ್ಣೆ, ಟಿವಿ ನೋಡಿ ತರಿಸಿದ ಪುಡಿ, ದಿನಾ ಕುಡಿಯೋ ಅಮೃತಬಳ್ಳಿ ರಸ, ಎಲ್ಲ ಬರೀರಿ. ಊಟದ ತಂಬುಳಿ, ಕೊತ್ತಂಬರಿ ಜೀರಿಗೆ ಕಷಾಯ, ಮುರುಗಲು ಸಾರು, ಅಪ್ಪೆಹುಳಿ ಇವೆಲ್ಲ ಬರೆಯೋದು ಬೇಡ, ಅದು ಊಟ, ಊಟದ ಪ್ರಮಾಣದಲ್ಲಿ ಅದು ಸರಿಯಾಗೇ ಇದೆ. ಅದೇ ಒಂದೆಲಗವನ್ನ ಮುಷ್ಟಿಗಟ್ಲೆ ಅರೆದು ದಿನಾ ಖಾಲಿ ಹೊಟ್ಟೇಲಿ ಕುಡೀತೀರಿ ಅಂದ್ರೆ ಆಗ ಅದು ಔಷಧಿ ಆಯ್ತು, ಬರೀರಿ.

ಡಾಕ್ಟರ ಮುಂದೆ ನೋಟ್‌ಬುಕ್ ಬಿಚ್ಚಿಟ್ಟು ಹೀಗೆ ಹೇಳಿ: "ಡಾಕ್ಟ್ರೇ, ಇದನ್ನೂ ತಗೊಳ್ತಾ ಇದ್ದೇನೆ, ನೀವು ಕೊಡೋ ಮಾತ್ರೆಗೆ ಇದ್ರಿಂದ ತೊಂದ್ರೆ ಇದ್ಯಾ?" ಬಿಡ್ಲಾ ಬೇಡ್ವಾ ಅಂತ ಕೇಳಿದ್ರೆ ಬಿಡಿ ಅಂತಲೇ ಉತ್ತರ ಬರ್ತದೆ, ತೊಂದ್ರೆ ಇದ್ಯಾ ಅಂತ ಕೇಳಿದ್ರೆ ಯೋಚನೆ ಮಾಡಿ ಹೇಳ್ತಾರೆ. ಇದೇ ನೋಟ್‌ಬುಕ್ ಕಷಾಯ ಕೊಡೋ ವೈದ್ಯರ ಹತ್ರನೂ ಹೋಗ್ಬೇಕು.

ಹಂತ 4: ವೈದ್ಯರನ್ನ ಆರಿಸೋದು

ಆಯುರ್ವೇದ ಡಾಕ್ಟರ ಪದವಿ ಬಿಎಎಂಎಸ್ ಅಂದ್ರೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಓದು, ಅವರಿಗೆ ರಾಜ್ಯದ ಆಯುರ್ವೇದ ಯುನಾನಿ ಮಂಡಳಿಯ ನೋಂದಣಿ ಸಂಖ್ಯೆ ಇರ್ತದೆ, ಚೀಟಿ ಮೇಲೆ ನೋಡಿ, ಇಲ್ಲಾಂದ್ರೆ ಕೇಳಿ. ಸರ್ಕಾರಿ ಆಯುಷ್ ಚಿಕಿತ್ಸಾಲಯಗಳು ತಾಲೂಕುಗಳಲ್ಲಿ ಇವೆ, ಎಲ್ಲಿದೆ ಅಂತ ಜಿಲ್ಲಾ ಆಯುಷ್ ಅಧಿಕಾರಿ ಕಚೇರೀಲಿ ಕೇಳಿದ್ರೆ ಹೇಳ್ತಾರೆ.

ನಾಟಿ ವೈದ್ಯರ ಹತ್ರ ನೋಂದಣಿ ಇರೋದಿಲ್ಲ, ಆದ್ರೆ ಹಾಲಕ್ಕಿ ಒಕ್ಕಲಿಗರ, ಸಿದ್ದಿಗಳ ಮನೆಗಳಲ್ಲಿ ಗಿಡಗಳ ಬಗ್ಗೆ ಇರೋ ತಿಳುವಳಿಕೆ ಸಣ್ಣದಲ್ಲ. ಅವರ ಹತ್ರ ಮೂರು ಪ್ರಶ್ನೆ ಕೇಳಿ. ಗಿಡದ ಹೆಸರೇನು? ಎಷ್ಟು ದಿನ ತಗೋಬೇಕು? ಮಾತ್ರೆ ನಿಲ್ಲಿಸ್ಬೇಕಾ? ಕೆಲವರು ಗಿಡದ ಹೆಸರು ಹೇಳಿದ್ರೆ ಮದ್ದು ಫಲ ಕೊಡೋದಿಲ್ಲ ಅಂತ ನಂಬ್ತಾರೆ, ಆ ನಂಬಿಕೆ ಅವರದ್ದು, ಆದ್ರೆ ಹೆಸರು ಗೊತ್ತಿಲ್ಲದ ಔಷಧಿ ಹೊಟ್ಟೆಗೆ ಬೇಡ, ಹೊರಗೆ ಹಚ್ಚೋದಕ್ಕೆ ಸೀಮಿತ ಆಗ್ಲಿ. ಮೂರನೇ ಪ್ರಶ್ನೆಗೆ "ಇಂಗ್ಲಿಷ್ ಮಾತ್ರೆ ಎಲ್ಲ ಇವತ್ತೇ ನಿಲ್ಲಿಸಿ" ಅಂತ ಯಾರೇ ಹೇಳಿದ್ರೂ ಎದ್ದು ಬನ್ನಿ. ಇನ್ಸುಲಿನ್, ಫಿಟ್ಸ್ ಮಾತ್ರೆ, ಹೃದಯಕ್ಕೆ ಸ್ಟೆಂಟ್ ಹಾಕಿದ ಮೇಲಿನ ರಕ್ತ ತೆಳು ಮಾಡೋ ಮಾತ್ರೆ, ಸ್ಟಿರಾಯ್ಡ್, ಟಿಬಿ ಮಾತ್ರೆ, ಇವನ್ನ ಒಮ್ಮೆಲೇ ನಿಲ್ಲಿಸೋದು ಜೀವಕ್ಕೇ ಕುತ್ತು.

ಹಂತ 5: ಲೇಬಲ್ ಓದೋದು

ಆಯುರ್ವೇದ ಔಷಧಿ ತಯಾರಿಕೆ 1940ರ ಔಷಧಿ ಕಾಯ್ದೆ ಕೆಳಗೇ ಬರ್ತದೆ. ಬಾಟಲ್ ಮೇಲೆ ಆಯುರ್ವೇದ ಔಷಧಿ ಅಂತ, ಯಾವ ಯಾವ ದ್ರವ್ಯ ಎಷ್ಟೆಷ್ಟು, ತಯಾರಿಕಾ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ತಯಾರಾದ ದಿನ, ಮುಗಿಯೋ ದಿನ, ಇಷ್ಟು ಇರ್ಬೇಕು. ಬರೀ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್ಎಸ್ಎಸ್ಎಐ) ನಂಬರ್ ಇದ್ರೆ ಅದು ಆಹಾರ, ಔಷಧಿ ಅಲ್ಲ, ಕಾಯಿಲೆ ವಾಸಿ ಮಾಡ್ತೇವೆ ಅಂತ ಅದು ಹೇಳೋ ಹಾಗಿಲ್ಲ. ಶುಗರ್, ಕ್ಯಾನ್ಸರ್, ಲಕ್ವ ಗುಣ ಮಾಡ್ತೇವೆ ಅಂತ ಜಾಹೀರಾತು ಕೊಡೋದನ್ನೇ 1954ರ ಕಾಯ್ದೆ ನಿಷೇಧಿಸಿದೆ, ಅಂಥ ಜಾಹೀರಾತು ಕಂಡ್ರೆ ಅದೇ ಸಾಕು ಎಚ್ಚರಿಕೆ.

ಲೋಹ, ಖನಿಜ ಸುಟ್ಟು ಮಾಡೋ ಭಸ್ಮ, ರಸೌಷಧಿ ಅಂದ್ರೆ ಪಾದರಸ, ಸೀಸ ಇರೋ ಸಾಧ್ಯತೆ ಇದೆ. ಇಂಟರ್ನೆಟ್ಟಲ್ಲಿ ಮಾರೋ 193 ಆಯುರ್ವೇದ ಉತ್ಪನ್ನ ಪರೀಕ್ಷೆ ಮಾಡಿ 2008ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ್ರು, ಸುಮಾರು ಐದರಲ್ಲೊಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಭಸ್ಮ ತಗೊಳ್ತಾ ಇರೋರಿಗೆ ಕಾರಣ ಇಲ್ಲದೆ ಹೊಟ್ಟೆನೋವು, ಮಲಬದ್ಧತೆ, ರಕ್ತ ಕಮ್ಮಿ ಆಗೋದು ಕಂಡ್ರೆ ರಕ್ತದಲ್ಲಿ ಸೀಸದ ಪ್ರಮಾಣ ನೋಡಿಸಿ.

ಇನ್ನೊಂದು, ಹೆಸರು ಲೇಬಲ್ ಏನೂ ಇಲ್ಲದ ಪೊಟ್ಟಣದ ಪುಡಿ. ಮಂಡಿ ನೋವು, ದಮ್ಮು ಎರಡೇ ದಿನದಲ್ಲಿ ಮಾಯ ಆದ್ರೆ ಖುಷಿ ಪಡಬೇಡಿ, ಸ್ಟಿರಾಯ್ಡ್ ಬೆರೆಸಿರೋ ಸಾಧ್ಯತೆ ಇದೆ. ಮುಖ ದುಂಡಗಾಗಿ ಊದೋದು, ಶುಗರ್ ಏರೋದು, ಹಸಿವು ವಿಪರೀತ ಆಗೋದು ಅದರ ಗುರುತು. ತಿಂಗಳುಗಟ್ಟಲೆ ತಗೊಂಡಿದ್ರೆ ಒಮ್ಮೆಲೇ ನಿಲ್ಲಿಸಬೇಡಿ, ಪೊಟ್ಟಣ ಹಿಡ್ಕೊಂಡು ಡಾಕ್ಟರ ಹತ್ರ ಹೋಗಿ.

ಹಂತ 6: ಯಾವ್ದರ ಜೊತೆ ಯಾವ್ದು ಆಗಿಬರೋದಿಲ್ಲ

ಸೊಪ್ಪಿನ ಮದ್ದು ಏನೂ ಮಾಡಲ್ಲ ಅನ್ನೋರಿಗೆ ಸರ್ಪಗಂಧದ ಕಥೆ ಹೇಳ್ಬೇಕು. ನಮ್ಮ ಕಾಡಲ್ಲೇ ಬೆಳೆಯೋ ಬೇರು ಅದು. ಮುಂಬೈನ ಡಾಕ್ಟರ್ ರುಸ್ತುಂ ಜಾಲ್ ವಕೀಲ್ ಅದ್ರಿಂದ ಬಿಪಿ ಇಳಿಯೋದನ್ನ 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೇಲಿ ಬರೆದ್ರು, 1952ರಲ್ಲಿ ಅದರಿಂದ ರಿಸರ್ಪಿನ್ ಅನ್ನೋ ಅಂಶ ಬೇರ್ಪಡಿಸಿದ್ರು, ಬಹಳ ವರ್ಷ ಜಗತ್ತೆಲ್ಲ ಬಿಪಿಗೆ ಅದೇ ಮಾತ್ರೆ ನುಂಗಿತು, ಅದ್ರಿಂದ ಕೆಲವರಿಗೆ ಖಿನ್ನತೆ ಬರೋದೂ ಗೊತ್ತಾಯ್ತು. ಗುಣ ಮಾಡೋ ಶಕ್ತಿ ಇರೋ ಬೇರಿಗೆ ಕೆಡಿಸೋ ಶಕ್ತಿನೂ ಇರ್ತದೆ. ಈಗ ಬಿಪಿ ಮಾತ್ರೆ ತಗೊಳ್ಳೋರು ಸರ್ಪಗಂಧ, ಹೊಳೆಮತ್ತಿ ಚಕ್ಕೆ ಕಷಾಯ ಸೇರಿಸಿದ್ರೆ ಬಿಪಿ ತೀರಾ ಇಳಿದು ತಲೆ ಸುತ್ತಿ ಬೀಳಬಹುದು.

ಶುಗರ್: ಏಕನಾಯಕನ ಬೇರಲ್ಲಿ ಸಲಾಸಿನಾಲ್ ಅನ್ನೋ ಅಂಶ ಇದೆ, ಅದು ಕರುಳಲ್ಲಿ ಪಿಷ್ಟ ಸಕ್ಕರೆ ಆಗೋದನ್ನ ನಿಧಾನ ಮಾಡ್ತದೆ, ಶುಗರಿಗೆ ಕೊಡೋ ಅಕಾರ್ಬೋಸ್ ಮಾತ್ರೆ ಕೆಲಸನೂ ಅದೇ. ಅಂದ್ರೆ ಅದು ನಿಜವಾಗ್ಲೂ ಕೆಲಸ ಮಾಡೋ ಔಷಧಿ, ಅದಕ್ಕೇ ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಜೊತೆ ಸೇರಿದ್ರೆ ಶುಗರ್ ಕೆಳಗೆ ಬಿದ್ದು ಬೆವರು, ನಡುಕ, ಕಣ್ಣು ಕತ್ತಲೆ ಬರಬಹುದು. ಹಾಗಲಕಾಯಿ ರಸ, ಮೆಂತ್ಯ ಪುಡಿ ಹೆಚ್ಚು ತಗೊಳ್ಳೋರಿಗೂ ಇದೇ. ಮತ್ತೆ ಲೇಹ, ಅರಿಷ್ಟದಲ್ಲಿ ಬೆಲ್ಲ ಸಕ್ಕರೆ ತುಂಬಾ ಇರ್ತದೆ, ಆಸವ ಅರಿಷ್ಟದಲ್ಲಿ ಹುಳಿ ಬಂದು ತಾನಾಗೇ ಆಗೋ ಆಲ್ಕೋಹಾಲ್ ಕೂಡ ಇರ್ತದೆ, ಲಿವರ್ ತೊಂದ್ರೆ ಇರೋರು, ನಿದ್ದೆ ಮಾತ್ರೆ ತಗೊಳ್ಳೋರು ಕೇಳಿ ತಗೊಳ್ಳಿ.

ರಕ್ತ ತೆಳು ಮಾಡೋ ಮಾತ್ರೆ, ಅದ್ರಲ್ಲೂ ಹೃದಯದ ವಾಲ್ವ್ ಬದಲಾಯಿಸಿ ವಾರ್ಫರಿನ್ ತಗೊಳ್ಳೋರು ಬೆಳ್ಳುಳ್ಳಿ ಮಾತ್ರೆ, ಅರಿಶಿನದ ಕ್ಯಾಪ್ಸೂಲ್, ಶುಂಠಿ ಸಾರ ಇವುಗಳಿಂದ ದೂರ ಇರಿ. ಸಾಂಬಾರಿಗೆ ಹಾಕೋ ಅರಿಶಿನಕ್ಕೆ ಹೆದರಬೇಡಿ. ಕೆಮ್ಮಿಗೆ ತಗೊಳ್ಳೋ ಜೇಷ್ಠಮಧು ವಾರಗಟ್ಟಲೆ ತಗೊಂಡ್ರೆ ಬಿಪಿ ಏರಿಸ್ತದೆ, ಪೊಟ್ಯಾಶಿಯಂ ಇಳಿಸ್ತದೆ, ಹೃದಯಕ್ಕೆ ಡಿಗಾಕ್ಸಿನ್, ನೀರು ಇಳಿಸೋಕೆ ಲ್ಯಾಸಿಕ್ಸ್ ತಗೊಳ್ಳೋರಿಗೆ ಅದು ಅಪಾಯ. ಅಶ್ವಗಂಧ ಥೈರಾಯ್ಡ್ ಹಾರ್ಮೋನ್ ಏರಿಸಬಹುದು, ಲಿವರ್‌ಗೆ ಪೆಟ್ಟಾದ ವರದಿಗಳೂ ಇವೆ. ಅಮೃತಬಳ್ಳಿ ವಿಷಯದಲ್ಲೂ 2021ರಲ್ಲಿ ಮುಂಬೈ ವೈದ್ಯರು ಲಿವರ್ ತೊಂದ್ರೆ ವರದಿ ಮಾಡಿದ್ರು, ಅದು ಅಮೃತಬಳ್ಳಿ ಹಾಗೇ ಕಾಣೋ ಬೇರೆ ಜಾತಿ ಬಳ್ಳಿ ಇರಬಹುದು ಅಂತ ಆಯುಷ್ ಸಚಿವಾಲಯ ಹೇಳ್ತು. ಯಾವ್ದೇ ಆಗಿರ್ಲಿ, ಕೊರೋನಾ ಕಾಲದಲ್ಲಿ ಶುರು ಮಾಡಿದ್ದನ್ನ ಇವತ್ತಿಗೂ ದಿನಾ ಕುಡಿಯೋರು ಒಮ್ಮೆ ಎಲ್ಎಫ್‌ಟಿ ಮಾಡಿಸಿ.

ಕಿಡ್ನಿಗೆ ಎರಡು ಮಾತು. ಈಶ್ವರಿ ಬಳ್ಳಿ ಬೇರನ್ನ ವಿಷಕ್ಕೆ, ಜ್ವರಕ್ಕೆ ಅಂತ ಕೊಡೋರಿದ್ದಾರೆ. ಅದರ ಜಾತಿ ಗಿಡಗಳಲ್ಲಿರೋ ಅರಿಸ್ಟೊಲೋಕಿಕ್ ಆಮ್ಲ ಕಿಡ್ನಿ ಹಾಳು ಮಾಡ್ತದೆ, ಮೂತ್ರನಾಳದ ಕ್ಯಾನ್ಸರ್‌ಗೂ ಕಾರಣ ಆಗ್ತದೆ ಅಂತ ಖಚಿತ ಆಗಿದೆ, ಹೊಟ್ಟೆಗೆ ಬೇಡವೇ ಬೇಡ. ಮತ್ತೆ ಹಿತ್ತಲ ಬಿಂಬಲಕಾಯಿ, ಉಪ್ಪಿನಕಾಯಿ ಹಾಕಿ ತಿನ್ನಿ, ಮೀನು ಸಾರಿಗೆ ಹಾಕಿ, ಆದ್ರೆ ಕೊಲೆಸ್ಟ್ರಾಲ್ ಇಳೀತದೆ ಅಂತ ಲೋಟಗಟ್ಟಲೆ ರಸ ಹಿಂಡಿ ಕುಡೀಬೇಡಿ, ಅದರ ಆಕ್ಸಲೇಟ್ ಕಿಡ್ನೀಲಿ ಕೂತು ಕಿಡ್ನಿ ಕೆಲಸ ನಿಲ್ಲಿಸಿದ ಪ್ರಕರಣಗಳು ಕೇರಳದಿಂದ ವರದಿಯಾಗಿವೆ.

ಹಂತ 7: ಹೊತ್ತು, ಅಂತರ, ಪರೀಕ್ಷೆ

ಶಂಖ ಭಸ್ಮದಲ್ಲಿ ಇರೋದು ಕ್ಯಾಲ್ಸಿಯಂ, ಲೋಹ ಭಸ್ಮ ಮಂಡೂರದಲ್ಲಿ ಕಬ್ಬಿಣ. ಇವು ಥೈರಾಯ್ಡ್ ಮಾತ್ರೆ ಜೊತೆ ಹೋದ್ರೆ ಮಾತ್ರೆ ರಕ್ತಕ್ಕೆ ಸೇರೋದಿಲ್ಲ, ನಾಲ್ಕು ಗಂಟೆ ಅಂತರ ಬೇಕು. ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್ ಆ್ಯಂಟಿಬಯೋಟಿಕ್‌ಗೂ ಅಂತರ ಬೇಕು. ಬೇರೆ ಔಷಧಿಗೂ ಒಂದೆರಡು ಗಂಟೆ ಬಿಡೋದು ಒಳ್ಳೇದು, ಆದ್ರೆ ಅಂತರ ಬಿಟ್ಟ ಮಾತ್ರಕ್ಕೆ ಹಂತ 6ರಲ್ಲಿ ಹೇಳಿದ ತೊಂದ್ರೆ ತಪ್ಪೋದಿಲ್ಲ, ಅದು ರಕ್ತಕ್ಕೆ ಸೇರಿದ ಮೇಲೆ ಆಗೋದು.

ಹೊಸ ಔಷಧಿ ಒಮ್ಮೆಗೆ ಒಂದೇ ಶುರು ಮಾಡಿ. ಶುರು ಮಾಡೋ ಮುಂಚೆ ಒಂದು ಪರೀಕ್ಷೆ, ಆಮೇಲೆ ಒಂದು. ಶುಗರ್‌ಗೆ ಎಚ್‌ಬಿಎ1ಸಿ ಮೂರು ತಿಂಗಳ ಸರಾಸರಿ ಹೇಳ್ತದೆ, ಹಾಗಾಗಿ ಮೂರು ತಿಂಗಳಾದ ಮೇಲೆ ನೋಡಿ, ಆ ಮಧ್ಯೆ ಮನೇಲೇ ಗ್ಲೂಕೋಮೀಟರ್. ದೀರ್ಘ ಕಾಲ ಕಷಾಯ ಕುಡಿಯೋರು ಕಿಡ್ನಿ ಹೇಗಿದೆ ಅಂತ ನೋಡೋ ಕ್ರಿಯಾಟಿನಿನ್, ಎಲ್ಎಫ್‌ಟಿ ಆಗಾಗ ಮಾಡಿಸಿ. ನಂಬರ್ ಚೆನ್ನಾಗಿ ಬಂದ್ರೆ ಅದನ್ನ ಡಾಕ್ಟರಿಗೆ ತೋರಿಸಿ ಮಾತ್ರೆ ಕಮ್ಮಿ ಮಾಡೋಕೆ ಆಗ್ತದಾ ಕೇಳಿ, ಕಮ್ಮಿ ಮಾಡೋದು ಅವರು.

ಹಂತ 8: ಬಸುರಿ, ಬಾಣಂತಿ, ಕೂಸು

ಬಾಣಂತಿಗೆ ಎಣ್ಣೆ ಸ್ನಾನ, ಬಿಸಿ ಊಟ, ಮನೆಯವರ ಆರೈಕೆ ಇದು ನಮ್ಮ ಹೆಮ್ಮೆ, ಮುಂದುವರೀಲಿ. ಕಬ್ಬಿಣದ ಮಾತ್ರೆ, ಚುಚ್ಚುಮದ್ದು ತಪ್ಪಿಸಬೇಡಿ. ಬಸುರಿಗೆ ಲೇಬಲ್ ಇಲ್ಲದ ಪುಡಿ, ಭಸ್ಮ ಬೇಡ. ಕೂಸಿಗೆ ಸಾಣೆಕಲ್ಲಲ್ಲಿ ಬಜೆ ತೇಯ್ದು ನೆಕ್ಕಿಸೋದು ಅಜ್ಜಿಯರ ಪ್ರೀತಿಯಿಂದ ಬಂದಿದ್ದು ಅಂತ ಗೊತ್ತು, ಆದ್ರೆ ಬಜೇಲಿ ಇರೋ ಅಸರೋನ್ ಅನ್ನೋ ಅಂಶ ಕೂಸಿಗೆ ಒಳ್ಳೇದಲ್ಲ, ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡ, ಜೇನುತುಪ್ಪ ಅಂತೂ ಒಂದು ವರ್ಷ ತುಂಬೋವರೆಗೆ ಬೇಡ. ಕೂಸಿಗೆ ಎಣ್ಣೆ ತಿಕ್ಕಿ ಮೀಯಿಸೋ ಕೆಲಸ ಅಜ್ಜಿಗೆ ಇದ್ದೇ ಇದೆ.

ಹಂತ 9: ಆಯುರ್ವೇದ ಮುಂದೆ ನಿಲ್ಲಬಹುದಾದ ಕಡೆ

ಭಗಂದರಕ್ಕೆ (ಗುದದ್ವಾರದ ಪಕ್ಕ ಆಗೋ ಫಿಸ್ಟುಲಾ) ಕ್ಷಾರಸೂತ್ರ, ಅಂದ್ರೆ ಔಷಧಿ ಲೇಪಿಸಿದ ದಾರ ಕಟ್ಟೋದು, ಇದಕ್ಕೆ ಗಟ್ಟಿ ಉದಾಹರಣೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹಲವು ಆಸ್ಪತ್ರೆಗಳಲ್ಲಿ ಇದನ್ನ ಆಪರೇಷನ್ ಜೊತೆ ಹೋಲಿಸಿ 1991ರಲ್ಲಿ ಪ್ರಕಟಿಸಿತು: ಗುಣ ಆಗೋಕೆ ಆಪರೇಷನ್ನಿಗೆ 4 ವಾರ, ಕ್ಷಾರಸೂತ್ರಕ್ಕೆ 8 ವಾರ ಹಿಡೀತು, ಆದ್ರೆ ಮತ್ತೆ ಮರುಕಳಿಸಿದ್ದು ಆಪರೇಷನ್ನಲ್ಲಿ 11 ಶೇಕಡಾ, ಕ್ಷಾರಸೂತ್ರದಲ್ಲಿ 4 ಶೇಕಡಾ. ಹಳೇ ಮಂಡಿ ನೋವು, ಸೊಂಟ ನೋವು, ಮಲಬದ್ಧತೆ, ನಿದ್ದೆ ಬಾರದಿರೋದು, ಇವಕ್ಕೂ ಒಳ್ಳೆ ಆಯುರ್ವೇದ ಡಾಕ್ಟರ ಹತ್ರ ಹೋಗಿ ನೋಡಬಹುದು. ಹೆಲ್ತ್ ಇನ್ಶೂರೆನ್ಸ್ ಇದ್ರೆ, 2024ರ ಏಪ್ರಿಲ್‌ನಿಂದ ಆಯುಷ್ ಚಿಕಿತ್ಸೆಯನ್ನೂ ಬೇರೆ ಚಿಕಿತ್ಸೆ ಹಾಗೇ ನೋಡ್ಬೇಕು ಅಂತ ವಿಮಾ ಪ್ರಾಧಿಕಾರ ಕಂಪನಿಗಳಿಗೆ ಹೇಳಿದೆ, ಅಡ್ಮಿಟ್ ಆಗೋ ಮುಂಚೆ ಆ ಆಸ್ಪತ್ರೆಗೆ ಕ್ಲೇಮ್ ಸಿಗ್ತದಾ ಅಂತ ಫೋನ್ ಮಾಡಿ ಕೇಳಿ.

ಆಪರೇಷನ್ ಇದೆ ಅಂತಾದ್ರೆ ಎರಡು ವಾರ ಮುಂಚೆನೇ ಸೊಪ್ಪು ಬೇರು ಚೂರ್ಣ ಎಲ್ಲ ನಿಲ್ಲಿಸೋದು ಒಳ್ಳೇದು, ಅರಿವಳಿಕೆ ಡಾಕ್ಟರಿಗೆ ನೋಟ್‌ಬುಕ್ ತೋರಿಸಿ. ಮತ್ತೆ ಯಾವ್ದಾದ್ರೂ ಔಷಧಿ ತಗೊಂಡು ಮೈ ತುರಿಕೆ, ಕಣ್ಣು ಹಳದಿ, ಮೂತ್ರ ಕಮ್ಮಿ ಆಯ್ತು ಅಂದ್ರೆ ಹೆದರಿ ಬಾಟಲ್ ಎಸೀಬೇಡಿ. ಉಳಿದ ಪುಡಿ, ಕಷಾಯ, ಸಿಕ್ಕಿದ್ರೆ ಗಿಡದ ಎಲೆ ಬೇರು ಸಮೇತ ಒಂದು ಚೀಲಕ್ಕೆ ಹಾಕಿ ಆಸ್ಪತ್ರೆಗೆ ತಗೊಂಡು ಹೋಗಿ. ಏನು ಹೊಟ್ಟೆಗೆ ಹೋಗಿದೆ ಅಂತ ಗೊತ್ತಾದ್ರೆ ಡಾಕ್ಟರಿಗೆ ಅರ್ಧ ದಾರಿ ಸಿಕ್ಕಿದ ಹಾಗೆ. ಕೊಟ್ಟ ವೈದ್ಯರಿಗೂ ಹೀಗಾಯ್ತು ಅಂತ ತಿಳಿಸಿ, ಅದೇ ಮದ್ದು ನಾಳೆ ಇನ್ನೊಬ್ಬರಿಗೆ ಕೊಡೋ ಮುಂಚೆ ಅವರಿಗೆ ಗೊತ್ತಿರ್ಬೇಕು.